ಗೋಡೆ ತುಂಬೋ ಪೇಂಟಿಂಗ್ ಮುಂದೆ ಏನೂ ಅನ್ನಿಸ್ಲಿಲ್ಲ, ಅಂಗೈಯಷ್ಟು ಪ್ರಿಂಟ್ ಮಾತ್ರ ತಲೆಯಿಂದ ಹೋಗ್ತಿಲ್ಲ. ನಿಮಗೂ ಹಿಂಗಾಗತ್ತಾ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಕಲೆ ಗಿಲೆ ಅಂತ ನಾನೇನೂ ಓದಿದವಳಲ್ಲ, ನೋಡೋ ಹುಚ್ಚು ಮಾತ್ರ ಇದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ, ಗೊತ್ತಿರೋರು ನಗಬೇಡಿ. ಮೊನ್ನೆ ಒಂದು ಸಣ್ಣ ಗ್ಯಾಲರಿಗೆ ಹೋಗಿದ್ದೆ, ಸಣ್ಣದು ಅಂದ್ರೆ ನಿಜಕ್ಕೂ ಸಣ್ಣದೇ, ಎರಡು ರೂಮು ಮಧ್ಯದಲ್ಲೊಂದು ಪ್ಯಾಸೇಜು ಅಷ್ಟೇ, ಬೇರೆ ಬೇರೆ ಕಲಾವಿದರ ಕೆಲಸ ಸೇರಿಸಿ ಹಾಕಿದ್ದ ಗ್ರೂಪ್ ಶೋ. ಜನ ಕಮ್ಮಿ ಇದ್ರು, ಯಾರೂ ಹಿಂದೆ ಬಂದು ಇದನ್ನ ನೋಡಿ ಅದನ್ನ ನೋಡಿ ಅಂತ ತಲೆ ತಿನ್ನಲಿಲ್ಲ, ಹಂಗಾಗಿ ಆರಾಮಾಗಿ ನೋಡ್ದೆ.

ಒಳಗೆ ಕಾಲಿಟ್ಟ ಕೂಡ್ಲೇ ಎದುರುಗೋಡೆ ಪೂರ್ತಿ ಒಂದೇ ಕೆಂಪು ಕ್ಯಾನ್ವಾಸು. ನನಗಿಂತ ಎತ್ತರ. ಬಣ್ಣ ಕೆಲವು ಕಡೆ ಬೆರಳು ದಪ್ಪಕ್ಕೆ ಎದ್ದು ನಿಂತು, ಅದರ ನೆರಳು ಅದರ ಮೇಲೇ ಬಿದ್ದಿತ್ತು. ಬಂದೋರೆಲ್ಲ ಮೊದಲು ಅದರ ಮುಂದೆ ನಿಂತು ಸೆಲ್ಫಿ. ನಾನೂ ನಿಂತೆ, ಕಾದೆ, ಏನಾದ್ರೂ ಆಗತ್ತೇನೋ ಅಂತ. ಏನೂ ಆಗ್ಲಿಲ್ಲ. ಕೆಂಪು ಇದೆ, ದೊಡ್ಡದಿದೆ, ಸರಿ, ಮುಂದೆ? ಅನ್ನೋ ಥರ.

ಆಮೇಲೆ ಪ್ಯಾಸೇಜಲ್ಲಿ, ಶೌಚಾಲಯದ ಬಾಗಿಲಿನ ಪಕ್ಕ (ಪಾಪ ಅದಕ್ಕೆ ಅದೇ ಜಾಗ ಸಿಕ್ಕಿದ್ದು), ಅಂಗೈಯಷ್ಟು ಒಂದು ಕಪ್ಪು ಪ್ರಿಂಟು. ಕೆಳಗಿಳಿಯೋ ಮೆಟ್ಟಿಲು, ಕೊನೇಲಿ ಅರ್ಧ ತೆರೆದ ಬಾಗಿಲು, ಬಾಗಿಲ ಸಂದೀಲಿ ಬರೋ ಬೆಳಕು ಕೊನೇ ಮೂರು ಮೆಟ್ಟಿಲಿನ ಅಂಚಿಗೆ ಮಾತ್ರ ತಾಗಿದೆ. ಇಷ್ಟೇ ಚಿತ್ರ. ಮನುಷ್ಯ ಇಲ್ಲ, ಏನಿಲ್ಲ. ಆದ್ರೆ ಆ ಕಪ್ಪು ಇದೆಯಲ್ಲ, ಅಂಥಾ ಕಪ್ಪು ನಾನು ಕಾಗದದ ಮೇಲೆ ನೋಡೇ ಇರ್ಲಿಲ್ಲ, ಮೂಗು ಗಾಜಿಗೆ ತಾಗೋಷ್ಟು ಹತ್ತಿರ ಹೋದ್ಮೇಲೆ ಕಪ್ಪೊಳಗೇ ಗೋಡೆಯ ಇಟ್ಟಿಗೆ ಸಾಲು ಕಾಣೋಕೆ ಶುರುವಾಯ್ತು, ಆಮೇಲೆ ಒಂದು ಕೈಹಿಡಿ ಕಂಬಿ, ಎಲ್ಲಾ ಒಂದೊಂದಾಗಿ ಮೇಲೆ ಬಂತು. ಎಷ್ಟೊತ್ತು ನಿಂತಿದ್ನೋ. ಶೌಚಾಲಯಕ್ಕೆ ಕ್ಯೂ ಅಂದ್ಕೊಂಡು ಒಬ್ಬರು ನನ್ನ ಹಿಂದೆ ಬಂದು ನಿಂತ್ರು!

ಫೋಟೋ ತೆಗೆದೆ. ಮನೇಗೆ ಬಂದು ನೋಡಿದ್ರೆ ಬೂದು ಬಣ್ಣದ ಚೌಕ, ಮಧ್ಯದಲ್ಲಿ ಗಾಜಲ್ಲಿ ಕಾಣೋ ನನ್ನದೇ ಮುಖ, ಫೋನು. ಕೆಂಪು ಕ್ಯಾನ್ವಾಸಿನ ಫೋಟೋ ಮಾತ್ರ ಭರ್ಜರಿಯಾಗಿ ಬಂದಿದೆ.

ಇನ್ನೂ ಬೇಕಾದಷ್ಟಿತ್ತು. ಬರೀ ಇಂಕಿನ ಗೆರೆಗಳ ಎರಡು ಡ್ರಾಯಿಂಗು, ಎರಡಕ್ಕೂ "ಶೀರ್ಷಿಕೆ ಇಲ್ಲ" ಅಂತ ಲೇಬಲ್, ಅದು ಯಾಕೋ ಸಿಟ್ಟು ಬರಿಸ್ತು, ಹೆಸರಿಡೋಕೂ ಸೋಮಾರಿತನಾನಾ ಅಂತ. ಒಂದು ಬಿಳೀ ಹಾಳೆ, ಮೊದಲು ಖಾಲಿ ಫ್ರೇಮು ಅಂದ್ಕೊಂಡು ಮುಂದೆ ಹೋಗಿದ್ದೆ, ಪಕ್ಕದಿಂದ ತಿರುಗಿ ನೋಡಿದಾಗ ಅದರಲ್ಲಿ ಉಬ್ಬು ತಗ್ಗು ಕಾಣ್ತು. ಜಲವರ್ಣದ ಸಣ್ಣ ಸಣ್ಣ ಬೆಟ್ಟದ ಚಿತ್ರಗಳಿದ್ದ ರೂಮಲ್ಲಿ ಮಬ್ಬು ಬೆಳಕು, ಕಣ್ಣು ಕಿರಿದು ಮಾಡಿ ನೋಡಬೇಕಾಯ್ತು. ಒಂದು ವಿಡಿಯೋ ಇತ್ತು, ಅದನ್ನ ಪೂರ್ತಿ ನೋಡೋ ತಾಳ್ಮೆ ಯಾರಿಗಿದೆ.

ಈಗ ಕೇಳೋದು ಏನಂದ್ರೆ, ಆ ಕಪ್ಪು ಹೆಂಗೆ ಬರತ್ತೆ? ಕೆಳಗೆ ಪೆನ್ಸಿಲ್ಲಲ್ಲಿ 3/20 ಅಂತ ಬರೆದಿತ್ತು, ಅಂದ್ರೆ ಅದು ಕಾಪೀನಾ, ಒರಿಜಿನಲ್ ಬೇರೆ ಎಲ್ಲೋ ಇದೆಯಾ? ಮತ್ತೆ ದೊಡ್ಡ ಕ್ಯಾನ್ವಾಸಿನ ಮುಂದೆ ಏನೂ ಅನ್ನಿಸದೇ ಇರೋದು ನನ್ನ ಕಣ್ಣಿನ ದೋಷಾನಾ? ನೀವೆಲ್ಲ ಹೋದಾಗ ಲೇಬಲ್ ಮೊದ್ಲು ಓದ್ತೀರಾ ಚಿತ್ರ ಮೊದ್ಲು ನೋಡ್ತೀರಾ?

ಮಸಿಬೆರಳು

ಆ ಪ್ಯಾಸೇಜ್ ಪ್ರಿಂಟಿನ ಬಗ್ಗೆ ಓದಿ ಖುಷಿ ಆಯ್ತು ಮೇಡಂ, ನಾನು ಪ್ರಿಂಟ್‌ಮೇಕಿಂಗ್ (ತಗಡಿನ ಮೇಲೆ ಚಿತ್ರ ಮಾಡಿ ಇಂಕು ಹಚ್ಚಿ ಕಾಗದಕ್ಕೆ ಒತ್ತೋ ಕೆಲಸ) ಮಾಡೋನು, ನಮ್ಮ ಕೆಲಸ ಯಾವಾಗ್ಲೂ ಶೌಚಾಲಯದ ಪಕ್ಕಾನೇ ಹಾಕೋದು, ಅಭ್ಯಾಸ ಆಗೋಗಿದೆ 😄

ನೀವು ಹೇಳಿದ ರೀತಿ ನೋಡಿದ್ರೆ ಅದು ಮೆಝೋಟಿಂಟ್ ಇರೋ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ ಚಿತ್ರ ಅಂದ್ರೆ ಬಿಳೀ ಹಾಳೆಯಿಂದ ಶುರು ಮಾಡಿ ಕಪ್ಪು ಸೇರಿಸ್ತಾ ಹೋಗ್ತೀವಲ್ಲ, ಇದರಲ್ಲಿ ಉಲ್ಟಾ. ತಾಮ್ರದ ತಗಡು ತಗೋತೀವಿ, ರಾಕರ್ ಅಂತ ಒಂದು ಟೂಲ್ ಇದೆ, ಬಾಯಿ ಅಗಲ, ಅಂಚು ಅರ್ಧಚಂದ್ರಾಕಾರ, ಅಂಚಿನ ತುಂಬಾ ಸೂಕ್ಷ್ಮ ಹಲ್ಲು. ಅದನ್ನ ತಗಡಿನ ಮೇಲಿಟ್ಟು ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ತೂಗ್ತಾ ಪೂರ್ತಿ ಹೋಗಬೇಕು, ಆಮೇಲೆ ಅಡ್ಡಡ್ಡ, ಆಮೇಲೆ ಓರೆ, ಮತ್ತೆ ಇನ್ನೊಂದು ಓರೆ, ಹಿಂಗೇ ತಗಡಿನ ಮೇಲೆ ಒಂದು ಚೂರೂ ನಯ ಉಳೀಬಾರದು ಅಲ್ಲೀವರೆಗೂ. ಸಣ್ಣ ತಗಡಿಗೂ ದಿನಗಟ್ಟಲೆ ಹಿಡಿಯತ್ತೆ, ಮಣಿಕಟ್ಟು ಕಳಚಿ ಬೀಳತ್ತೆ ಅನ್ಸತ್ತೆ. ಆ ಸ್ಥಿತೀಲಿ ಇಂಕು ಹಚ್ಚಿ ಪ್ರಿಂಟ್ ತೆಗೆದ್ರೆ ಹಾಳೆ ಪೂರ್ತಿ ಕಪ್ಪು, ಬೇರೇನೂ ಇಲ್ಲ. ಅದಾದ್ಮೇಲೆ ಚಿತ್ರ ಶುರು. ಎಲ್ಲಿ ಬೆಳಕು ಬೇಕೋ ಅಲ್ಲಿ ಸ್ಕ್ರೇಪರಿಂದ ಕೆರೆದು, ಬರ್ನಿಶರ್ ಅನ್ನೋ ನಯವಾದ ಉಕ್ಕಿನ ಟೂಲಿಂದ ಉಜ್ಜಿ ಉಜ್ಜಿ ನುಣುಪು ಮಾಡೋದು. ನುಣುಪಾದಷ್ಟೂ ಅಲ್ಲಿ ಇಂಕು ಕೂರಲ್ಲ, ಬೆಳಕಾಗತ್ತೆ. ಅಂದ್ರೆ ನೀವು ನೋಡಿದ ಆ ಬಾಗಿಲ ಸಂದಿ, ಮೂರು ಮೆಟ್ಟಿಲಿನ ಅಂಚು, ಅಷ್ಟು ಜಾಗಾನೇ ಆ ಕಲಾವಿದ ಪೂರ್ತಿ ಉಜ್ಜಿರೋದು. ಇಟ್ಟಿಗೆ ಸಾಲು ಕಂಡು ಕಾಣದ ಹಾಗೆ ಇತ್ತು ಅಂದ್ರಲ್ಲ, ಅದು ಒಂದೊಂದು ಸಲ ಹಗುರಕ್ಕೆ ಸವರಿ ಬಿಟ್ಟಿರೋದು. ಕಷ್ಟ ಇರೋದು ಅಲ್ಲೇ. ಬೆಳಕು ತರೋದು ಸುಲಭ, ಕಪ್ಪೊಳಗೆ ಇನ್ನೊಂದು ಕಪ್ಪು ನಿಲ್ಲಿಸೋದಿದೆಯಲ್ಲ, ಅದು ಎಲ್ಲರ ಕೈಗೂ ಬರಲ್ಲ.

ಇದು ಹೊಸ ವಿದ್ಯೆ ಏನಲ್ಲ, ಲುಡ್ವಿಗ್ ಫಾನ್ ಸೀಗನ್ ಅನ್ನೋ ಜರ್ಮನ್ 1642ರಲ್ಲೇ ಇದರ ಮೊದಲ ರೂಪ ಹುಡುಕಿದ್ದ. ನಮ್ಮ ಕಾಲಕ್ಕೆ ಹತ್ತಿರದವರು ಅಂದ್ರೆ ಜಪಾನಿನ ಯೋಝೋ ಹಮಾಗುಚಿ, ಕಪ್ಪು ಹಿನ್ನೆಲೇಲಿ ಒಂದೆರಡು ಚೆರ್ರಿ ಹಣ್ಣು ಇಟ್ಟು ಮುಗಿಸಿಬಿಡೋರು, ಸಿಕ್ಕಿದ್ರೆ ನೋಡಿ.

3/20 ಅಂದ್ರೆ ಕಾಪಿ ಅಲ್ಲ ಮೇಡಂ, ದಯವಿಟ್ಟು ಎಲ್ಲರೂ ಇದನ್ನ ತಿಳ್ಕೊಳ್ಳಿ, ಹೇಳಿ ಹೇಳಿ ಸಾಕಾಗಿದೆ. ಒಂದೇ ತಗಡಿಂದ ತೆಗೆದ ಇಪ್ಪತ್ತು ಪ್ರಿಂಟಲ್ಲಿ ಮೂರನೇ ನಂಬರಿಂದು ಅಂತ. ಒರಿಜಿನಲ್ ಅಂತ ಬೇರೆ ಎಲ್ಲೂ ಇಲ್ಲ, ಆ ಇಪ್ಪತ್ತೂ ಒರಿಜಿನಲ್ಲೇ. ಪ್ರತಿ ಪ್ರಿಂಟಿಗೂ ತಗಡಿಗೆ ಹೊಸದಾಗಿ ಇಂಕು ತುಂಬಿ, ಜಾಳು ಬಟ್ಟೇಲಿ ಒರೆಸಿ, ಕೊನೇಗೆ ಅಂಗೈಯಲ್ಲಿ ಸವರಿ, ಒದ್ದೆ ಹಾಳೆ ಇಟ್ಟು ಪ್ರೆಸ್ಸಲ್ಲಿ ಉರುಳಿಸಬೇಕು. ಒಂದಕ್ಕೊಂದು ಪೂರ್ತಿ ಹೊಂದಲ್ಲ. ಹಾಳೆ ಮೇಲೆ ಚಿತ್ರದ ಸುತ್ತ ತಗ್ಗಾದ ಒಂದು ಚೌಕ ಕಾಣತ್ತೆ, ತಗಡಿನ ಅಂಚು ಒತ್ತಿದ ಗುರುತು, ಮುಂದಿನ ಸಲ ಗಮನಿಸಿ. ಮೆಝೋಟಿಂಟಲ್ಲಿ ಇನ್ನೊಂದು ಕಷ್ಟ ಏನಂದ್ರೆ ರಾಕರ್ ಎಬ್ಬಿಸಿದ ತಾಮ್ರದ ಸಣ್ಣ ಮುಳ್ಳುಗಳು ಪ್ರೆಸ್ಸಿಗೆ ಹೋದಷ್ಟೂ ಸಲ ಚಪ್ಪಟೆ ಆಗ್ತಾ ಹೋಗತ್ತೆ, ಕಪ್ಪು ಬಡವಾಗತ್ತೆ. ಅದಕ್ಕೇ ಎಡಿಷನ್ (ಒಂದು ತಗಡಿಂದ ತೆಗೆಯೋ ಒಟ್ಟು ಪ್ರಿಂಟು) ಸಣ್ಣದಿರೋದು. ನೀವು ನೋಡಿದ್ದು ಚೆನ್ನಾಗಿರೋ ಪ್ರಿಂಟೇ ಇರಬೇಕು, ಆದ್ರೆ ನಂಬರ್ ನೋಡಿ ಹೇಳೋಕಾಗಲ್ಲ, ತೆಗೆದ ಕ್ರಮದಲ್ಲೇ ಎಲ್ಲರೂ ನಂಬರ್ ಹಾಕಲ್ಲ.

ದೂರದೃಷ್ಟಿ ಪ್ಲಸ್‌ಟೂ

ನಾನು ಕೆಂಪು ಕ್ಯಾನ್ವಾಸಿನ ಪರ ವಕಾಲತ್ತು ವಹಿಸ್ತೀನಿ, ಅದಕ್ಕೂ ಒಬ್ಬರು ಬೇಕಲ್ಲ.

ಒಂದು ಪ್ರಶ್ನೆ, ನೀವು ಅದನ್ನ ಎಷ್ಟು ದೂರದಿಂದ ನೋಡಿದ್ರಿ? ಸೆಲ್ಫಿ ತೆಗೆಯೋರ ಹಿಂದೆ ನಿಂತಿದ್ರಿ ಅಂದ್ರೆ ಹತ್ತಡಿ ಹದಿನೈದಡಿ ದೂರ ಇರಬೇಕು. ಪ್ರಿಂಟಿಗೆ ಮೂಗು ತಾಗೋಷ್ಟು ಹತ್ತಿರ ಹೋದ್ರಿ, ದೊಡ್ಡದು ಅಂತ ಇದರಿಂದ ದೂರ ಸರಿದ್ರಿ, ಎಲ್ಲರೂ ಮಾಡೋದು ಹಂಗೇ. ಅಮೆರಿಕದ ಬಾರ್ನೆಟ್ ನ್ಯೂಮನ್ ಅಂತ ಕಲಾವಿದ, ಗೋಡೆಗಾತ್ರದ ಕೆಂಪು ಚಿತ್ರಗಳಿಗೇ ಹೆಸರಾದೋನು, 1951ರಲ್ಲಿ ನ್ಯೂಯಾರ್ಕಿನ ತನ್ನ ಶೋನಲ್ಲಿ ಒಂದು ಚೀಟಿ ಅಂಟಿಸಿದ್ದ, ದೊಡ್ಡ ಚಿತ್ರಾನ ಜನ ದೂರದಿಂದ ನೋಡೋಕೆ ಹೋಗ್ತಾರೆ, ಇಲ್ಲಿರೋ ದೊಡ್ಡ ಚಿತ್ರಗಳು ಹತ್ತಿರದಿಂದ ನೋಡೋಕೆ ಅಂತಾನೇ ಮಾಡಿದ್ದು ಅನ್ನೋ ಅರ್ಥದಲ್ಲಿ. ದೊಡ್ಡ ದೊಡ್ಡ ಬಣ್ಣದ ಕ್ಯಾನ್ವಾಸುಗಳ ಇನ್ನೊಬ್ಬ ಅಮೆರಿಕನ್ ಕಲಾವಿದ ರಾತ್ಕೋ ಅಂತೂ ಹದಿನೆಂಟು ಇಂಚು ದೂರದಲ್ಲಿ ನಿಂತು ನೋಡಿ ಅಂತಿದ್ದ. ಹದಿನೆಂಟು ಇಂಚಲ್ಲಿ ನಿಂತ್ರೆ ಅಂಚು ಕಾಣಲ್ಲ, ಫ್ರೇಮು ಕಾಣಲ್ಲ, ಪಕ್ಕದ ಗೋಡೆ ಕಾಣಲ್ಲ, ಕಣ್ಣು ಎಲ್ಲಿ ಹೊರಳಿದ್ರೂ ಕೆಂಪು. ಆವಾಗ ಅದು ಎದುರಿಗಿರೋ ವಸ್ತು ಆಗಿರಲ್ಲ, ನೀವು ಅದರೊಳಗೆ ಇರ್ತೀರಿ. ಸ್ವಲ್ಪ ಹೊತ್ತು ಬಿಟ್ರೆ ಒಂದೇ ಕೆಂಪು ಅಂದ್ಕೊಂಡಿದ್ದು ನಾಲ್ಕೈದು ಕೆಂಪಾಗಿ ಒಡೆಯತ್ತೆ, ಕೆಲವು ಮುಂದೆ ಬಂದ ಹಾಗೆ, ಕೆಲವು ಹಿಂದೆ ಸರಿದ ಹಾಗೆ.

ಸ್ವಲ್ಪ ಹೊತ್ತು ಅನ್ನೋದೇ ತೊಂದ್ರೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ತಾರೆ ಅಂತ ಅಳೆದ್ರು, ಸರಾಸರಿ 27 ಸೆಕೆಂಡು ಬಂತು. ಅದೂ ಕೆಲವರು ತುಂಬಾ ಹೊತ್ತು ನಿಂತಿದ್ದರಿಂದ ಸರಾಸರಿ ಮೇಲಕ್ಕೆ ಹೋಗಿದ್ದು, ಮಧ್ಯಮಾಂಕ ಬರೀ 17. ಅವೆಲ್ಲ ಹೆಸರುವಾಸಿ ಚಿತ್ರಗಳು ಬೇರೆ. ನೀವು ಆ ಮೆಟ್ಟಿಲಿಗೆ ಕೊಟ್ಟಷ್ಟು ಹೊತ್ತಿನ ಅರ್ಧ ಕೆಂಪಿಗೆ ಕೊಟ್ಟಿದ್ರೆ ಏನಾಗ್ತಿತ್ತೋ.

ಹಂಗಂತ ಕೊಟ್ರೂ ಏನೂ ಅನ್ನಿಸದೇ ಇರಬಹುದು, ಚಿತ್ರಾನೇ ಸಪ್ಪೆ ಇರಬಹುದು. ದೊಡ್ಡದಾಗಿ ಮಾಡಿದ ಕೂಡ್ಲೇ ಎಲ್ಲಾ ರಾತ್ಕೋ ಆಗಲ್ಲ. ಈಗೀಗ ಸೆಲ್ಫಿಗೆ ಹಿನ್ನೆಲೆ ಆಗಲಿ ಅಂತಾನೇ ಮಾಡಿದ ಹಂಗಿರೋ ದೊಡ್ಡ ಕ್ಯಾನ್ವಾಸುಗಳನ್ನ ನಾನೂ ನೋಡಿದೀನಿ.

ಗೆರಿಗಾರ

ನೋಡ್ರಿ ಅಕ್ಕಾರ, ಎಲ್ಲಾರೂ ಕಪ್ಪು ಕೆಂಪು ಅಂತ ಮಾತಾಡಾಕತ್ತೀರಿ, ನನಗ ಆ ಗೆರಿ ಡ್ರಾಯಿಂಗಿನ ಮ್ಯಾಲ ನೀವು ಸಿಟ್ಟಾಗಿದ್ದ ಭಾಳ ಕೆಟ್ಟನಿಸ್ತು. ಹೆಸರಿಡಲಿಲ್ಲ ಅಂದ್ರ ಸೋಮಾರಿ ಅಂತೀರೇನು? ಹೆಸರಿಟ್ಟಿದ್ರ ನೀವು ಏನ್ ಮಾಡ್ತಿದ್ರಿ, "ಮಳಿ" ಅಂತ ಬರದಿದ್ರ ಗೆರಿ ಒಳಗ ಮಳಿ ಹುಡುಕತಿದ್ರಿ, ಸಿಕ್ಕ ಕೂಡ್ಲೇ ಹಾಂ ಸಿಕ್ತು ಅಂತ ಮುಂದ ಹೋಗ್ತಿದ್ರಿ. ಹೆಸರಿಲ್ಲ ಅಂದಾಗ ಗೆರಿನ್ನ ಗೆರಿ ಅಂತನ ನೋಡಬೇಕಾಗ್ತದ, ಬ್ಯಾರೆ ದಾರಿ ಇಲ್ಲ.

ನಸ್ರೀನ್ ಮೊಹಮದಿ ಅಂತ ಇದ್ರು, 1937ರಾಗ ಹುಟ್ಟಿದ್ರು 1990ರಾಗ ತೀರಿಕೊಂಡ್ರು, ಬರೋಡಾದಾಗ ಕಲಿಸ್ತಿದ್ರು. ಇಂಕು, ಪೆನ್ಸಿಲ್, ಎಂಜಿನಿಯರ್ ಮಂದಿ ಹಿಡಿಯೋ ಡ್ರಾಫ್ಟಿಂಗ್ ಸಾಮಾನು, ಇಷ್ಟ ಅವರ ಬಂಡವಾಳ. ಹೆಚ್ಚುಕಡಿಮಿ ಯಾವುದಕ್ಕೂ ಹೆಸರಿಲ್ಲ, ತಾರೀಖೂ ಇಲ್ಲ. ದೂರದಿಂದ ನೋಡಿದ್ರ ಮಷೀನ್ ಎಳದಂಗ ಕಾಣ್ತದ. ಹತ್ತಿರ ಹೋದ್ರ ಒಂದ ಗೆರಿ ಒಳಗ ಎಲ್ಲಿ ಕೈ ಒತ್ತಿತು ಎಲ್ಲಿ ಹಗುರ ಆತು ಎಲ್ಲಾ ಗೊತ್ತಾಗ್ತದ. ಕಡೀ ಕಡೀಗೆ ನರದ ಕಾಯಿಲೆ ಬಂದು ಕೈ ಹಿಡಿತ ತಪ್ಪಾಕ ಹತ್ತಿತ್ತು, ಆದರೂ ಆ ಗೆರಿ ಬಿಡಲಿಲ್ಲ ನೋಡ್ರಿ. ಅವು ಏನೂ ದೊಡ್ಡ ಚಿತ್ರ ಅಲ್ಲ, ಎದಿಗೆ ಹಿಡಕೊಂಡು ನೋಡೋ ಅಳತಿ ಹಾಳಿಗೋಳು.

ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರ ನೋಡೀರೋ ಇಲ್ಲೋ? ಅವರದ್ದು ಪೂರಾ ಬ್ಯಾರೆ ದಾರಿ, ಒಂದ ಗೆರಿ ಎತ್ತಿದ್ರ ಕುಣಿಯೋ ಹೆಣ್ಣುಮಗಳ ಭುಜ ಬಂತು, ಸೊಂಟ ಬಂತು, ಸೆರಗೂ ಬಂತು, ಎಲ್ಲೂ ತಡವರಿಸಿಲ್ಲ. ಗೆರಿ ನೋಡೋ ಪದ್ಧತಿ ಕೇಳ್ತೀರಂದ್ರ ನಾ ಹೇಳೋದು ಇಷ್ಟ, ಅದು ಎಲ್ಲಿ ಶುರು ಆತು ಅಂತ ಹುಡುಕ್ರಿ, ಅಲ್ಲಿಂದ ಕಣ್ಣಲೇ ಅದರ ಬೆನ್ನ ಹತ್ರಿ. ಎಳದವರ ವೇಗದಾಗ ಹೋಗ್ರಿ. ಒಂದ ಸಲ ಮಾಡಿದ್ರ ಲೇಬಲ್ ಮ್ಯಾಲಿನ ಸಿಟ್ಟು ತಾನ ಇಳೀತದ.

ಕಿಟಕಿಪಕ್ಕ

ಅಯ್ಯೋ ಒಂದು ಪ್ರಶ್ನೆ ಹಾಕಿದ್ರೆ ಇಷ್ಟು ಬರತ್ತೆ ಅಂದ್ಕೊಂಡಿರ್ಲಿಲ್ಲ. @ಮಸಿಬೆರಳು ನೀವು ಹೇಳಿದ ಕಪ್ಪಿಂದ ಬೆಳಕಿಗೆ ಬರೋ ವಿಷಯ ಓದಿ ಮೈ ಜುಂ ಅಂತು, ಯಾಕಂದ್ರೆ ನೋಡುವಾಗ ನನಗಾಗಿದ್ದೂ ಅದೇ, ಮೊದ್ಲು ಪೂರ್ತಿ ಕಪ್ಪು, ಆಮೇಲೆ ಒಂದೊಂದೇ ಹೊರಗೆ ಬಂದಿದ್ದು. ಮಾಡಿದೋರು ಹೋದ ದಾರೀಲೇ ನೋಡೋರೂ ಹೋಗ್ತಾರೆ ಅಂತಾಯ್ತು.

@ದೂರದೃಷ್ಟಿ ಹೌದು, ದೂರದಿಂದಾನೇ ನೋಡಿದ್ದು. ಆದ್ರೆ ಹತ್ತಿರ ಹೋಗೋಕೆ ಅಲ್ಲಿ ನೆಲದ ಮೇಲೆ ಒಂದು ಟೇಪ್ ಅಂಟಿಸಿದ್ರು, ಅದನ್ನ ದಾಟಬಾರದಂತೆ. ಹದಿನೆಂಟು ಇಂಚು ಎಲ್ಲಿಂದ ಬರಬೇಕು! ಪಕ್ಕದಿಂದ ಹೋಗಿ ಅಂಚು ಮಾತ್ರ ನೋಡ್ದೆ, ಕ್ಯಾನ್ವಾಸಿನ ಬದಿಯಲ್ಲಿ ಕೆಂಪಿನ ಕೆಳಗೆ ಹಸಿರು, ಅದರ ಕೆಳಗೆ ಒಂಥರಾ ಮಣ್ಣಿನ ಬಣ್ಣ ಸೋರಿ ಒಣಗಿತ್ತು, ನಿಜ ಹೇಳ್ಬೇಕು ಅಂದ್ರೆ ಆ ಬದಿ ಮುಂಭಾಗಕ್ಕಿಂತ ಇಷ್ಟ ಆಯ್ತು.

@ಗೆರಿಗಾರ ಅಣ್ಣಾ ಬೈಬೇಡಿ, ಬೆನ್ನು ಹತ್ತಿ ನೋಡ್ತೀನಿ. ಆದ್ರೂ ಹೆಸರಿದ್ರೆ ಒಂದು ಆಸರೆ ಅನ್ನೋದು ನಂಗಿನ್ನೂ ಅನ್ಸತ್ತೆ. ಆ ಮೆಟ್ಟಿಲಿನ ಪ್ರಿಂಟಿಗೆ "ರಾತ್ರಿ ಪಾಳಿ" ಅಂತ ಹೆಸರಿತ್ತು. ಅದನ್ನ ಓದಿದ್ಮೇಲೆ ಆ ಬಾಗಿಲಿನ ಹಿಂದೆ ಯಾರೋ ಇದಾರೆ ಅನ್ನಿಸ್ತು, ಅಲ್ಲೀವರೆಗೂ ಅನ್ನಿಸಿರ್ಲಿಲ್ಲ.

ಖಾಲಿಗೋಡೆ

ಹೆಸರು ಓದಿದ್ದು ನೋಡಿ ಆದ್ಮೇಲೆ ತಾನೇ? ಅದೇ ಸರಿ. ನನ್ನ ಪ್ರಕಾರ ಮೊದ್ಲು ಚಿತ್ರ, ಆಮೇಲೆ ಹೆಸರು ಮತ್ತೆ ಮಾಧ್ಯಮ (ತೈಲವರ್ಣಾನಾ ಎಚಿಂಗಾ ಅಂತ), ಆಮೇಲೆ ಮತ್ತೆ ಚಿತ್ರ, ಪಕ್ಕದಲ್ಲಿ ಅಂಟಿಸಿರೋ ಉದ್ದ ಪ್ಯಾರಾಗ್ರಾಫ್ ಯಾವತ್ತೂ ಬೇಡ. ಆ ಪ್ಯಾರಾಗ್ರಾಫುಗಳನ್ನ ಯಾರು ಬರೀತಾರೋ ಪುಣ್ಯಾತ್ಮರು, "ಅಸ್ಮಿತೆಯ ಸ್ಥಿತ್ಯಂತರಗಳನ್ನು ಮುಖಾಮುಖಿಯಾಗಿಸುವ" ಅಂತೆಲ್ಲ ಇರತ್ತೆ, ತಲೆ ಎತ್ತಿ ನೋಡಿದ್ರೆ ಒಂದು ಕುರ್ಚಿ. ಕುರ್ಚಿ ಚೆನ್ನಾಗೇ ಇರತ್ತೆ, ಓದಿದ್ಮೇಲೆ ಮಾತ್ರ ಅದರಲ್ಲಿ ಕುರ್ಚಿ ಕಾಣೋದೇ ನಿಂತೋಗತ್ತೆ.

ಇಲ್ಲಿ ಎಲ್ಲರೂ ಹತ್ತಿರ ಹೋಗಿ ಹೊತ್ತು ಕೊಡಿ ಅಂತಿದೀರಲ್ಲ, ಅದಕ್ಕೆ ನಂದೊಂದು ತಕರಾರು. ಪ್ರತಿಯೊಂದಕ್ಕೂ ಹೊತ್ತು ಕೊಡಬೇಕು ಅಂತ ಹೊರಟ್ರೆ ಮೂರನೇ ಚಿತ್ರಕ್ಕೇ ಕಾಲು ನೋವು, ಆಮೇಲಿಂದು ಬರೀ ಕರ್ತವ್ಯ. ನಾನು ಮೊದ್ಲು ಎಲ್ಲೂ ನಿಲ್ಲದೆ ಇಡೀ ಶೋ ಸುತ್ತು ಹಾಕ್ತೀನಿ, ಪಾರ್ಕಲ್ಲಿ ವಾಕಿಂಗ್ ಹೋಗೋ ಸ್ಪೀಡಲ್ಲಿ. ಯಾವುದು ಕಾಲು ಹಿಡಿದು ಎಳೀತೋ ಅದಕ್ಕೆ ಮಾತ್ರ ವಾಪಸ್ ಹೋಗ್ತೀನಿ. ಸಣ್ಣ ಗ್ಯಾಲರಿಯ ಸುಖ ಇರೋದೇ ಇಲ್ಲಿ, ದೊಡ್ಡ ಮ್ಯೂಸಿಯಮ್ಮಲ್ಲಿ ವಾಪಸ್ ಹೋಗೋಣ ಅಂದ್ರೆ ಯಾವ ಮಹಡಿ ಅನ್ನೋದೇ ಮರ್ತೋಗಿರತ್ತೆ. ಕಿಟಕಿಪಕ್ಕ ಅವರು ಕೆಂಪು ಕ್ಯಾನ್ವಾಸಿಗೆ ವಾಪಸ್ ಹೋಗ್ಲಿಲ್ಲ, ಬಿಡಿ, ಅದರಲ್ಲಿ ತಪ್ಪೇನಿದೆ. ಎಲ್ಲಾ ಚಿತ್ರಾನೂ ಎಲ್ಲರಿಗೂ ದಕ್ಕಬೇಕು ಅಂತ ಕಾನೂನಿಲ್ಲ.

ವಿಡಿಯೋ ವಿಷಯದಲ್ಲಿ ಪೂರ್ತಿ ನಿಮ್ಮ ಪಕ್ಷ. ಕೂರೋಕೆ ಒಂದು ಬೆಂಚೂ ಇಡದೆ ನಲವತ್ತು ನಿಮಿಷದ ವಿಡಿಯೋ ಹಾಕೋದು ಯಾವ ನ್ಯಾಯ.

ನೆರಳುಬೆಳಕು

ಮಬ್ಬು ಬೆಳಕಿನ ಬಗ್ಗೆ ಯಾರೂ ಹೇಳ್ಲಿಲ್ಲ, ಅದನ್ನ ನಾನು ಹೇಳ್ತೀನಿ, ಡಿಸ್‌ಪ್ಲೇ ಲೈಟಿಂಗ್ ನನ್ನ ಹೊಟ್ಟೆಪಾಡು. ಅದು ಜಿಪುಣತನ ಅಲ್ಲ. ಕಾಗದದ ಮೇಲಿನ ಕೆಲಸ, ಅದರಲ್ಲೂ ಜಲವರ್ಣಕ್ಕೆ, ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು ಅನ್ನೋದು ಎಲ್ಲಾ ಕಡೆ ಪಾಲಿಸೋ ಲೆಕ್ಕ, ತೈಲವರ್ಣಕ್ಕೆ 200ರ ತನಕ ಹೋಗಬಹುದು. ಬೆಳಕಿಂದ ಬಣ್ಣ ಹಾರಿದ್ರೆ ಮತ್ತೆ ತರೋಕಾಗಲ್ಲ, ಕತ್ತಲಲ್ಲಿ ಇಟ್ರೆ ಸುಧಾರಿಸ್ಕೊಳ್ಳತ್ತೆ ಅನ್ನೋ ಹಾಗೂ ಇಲ್ಲ, ಇವತ್ತು ಬಿದ್ದಿದ್ದು ನಾಳೆ ಬೀಳೋದಕ್ಕೆ ಸೇರ್ತಾನೇ ಹೋಗತ್ತೆ. ಬಿಸಿಲಿಂದ ನೇರ ಆ ರೂಮಿಗೆ ಹೋದ್ರೆ ಏನೂ ಕಾಣಲ್ಲ ನಿಜ, ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ, ಕಣ್ಣು ಹೊಂದಿಕೊಳ್ಳತ್ತೆ, ಆಮೇಲೆ ಮಬ್ಬು ಅನ್ನಿಸಲ್ಲ. ಬೆಟ್ಟದ ಜಲವರ್ಣ ಅಂದ್ರಿ, ಅದರಲ್ಲಿ ಮಂಜು, ಮೋಡ ಇದ್ರೆ ಆ ಬಿಳಿ ಹೆಚ್ಚಾಗಿ ಬಣ್ಣ ಅಲ್ಲ, ಹಾಗೇ ಬಿಟ್ಟಿರೋ ಹಾಳೆ. ಎಲ್ಲಿ ಕುಂಚ ಮುಟ್ಟಿಲ್ಲ ಅಂತ ಹುಡುಕ್ತಾ ನೋಡಿದ್ರೆ ಮಜಾ ಬರತ್ತೆ. ನಮ್ಮ ಕೆ. ವೆಂಕಟಪ್ಪನವರು ಊಟಿ ಬೆಟ್ಟಗಳನ್ನ ಜಲವರ್ಣದಲ್ಲಿ ಮಾಡಿದಾರಲ್ಲ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ರ ಕಲಿತು ಬಂದೋರು, ಅವರ ಚಿತ್ರದಲ್ಲಿ ಬೆಳಕು ಯಾವ ಗಳಿಗೇದು ಅಂತ ಹೇಳಬಹುದು ಅನ್ನೋಷ್ಟು ಕರಾರುವಾಕ್ಕು.

ಆಮೇಲೆ ಆ ಬಿಳೀ ಹಾಳೆ. ನನಗೆ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲ ಅದೇ, ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ರಿ. ಅಂಥದ್ದಕ್ಕೆ ಎದುರಿಂದ ಲೈಟ್ ಹಾಕಿದ್ರೆ ಮುಗೀತು, ಖಾಲಿ ಫ್ರೇಮೇ. ಪಕ್ಕದಿಂದ, ಗೋಡೆಗೆ ಸವರಿಕೊಂಡು ಹೋಗೋ ಹಂಗೆ ಹಾಕಬೇಕು. ನೀವು ಪಕ್ಕಕ್ಕೆ ಸರಿದಾಗ ಕಂಡಿದ್ದೂ ಅದಕ್ಕೇ. ಸೋಮನಾಥ ಹೋರ್ ಅವರು 1970ರ ದಶಕದಲ್ಲಿ ಮಾಡಿದ "ಗಾಯಗಳು" ಸರಣಿ ಇದೇ ಜಾತೀದು, ಬಿಳಿ ಮೇಲೆ ಬಿಳಿ. 1943ರ ಬಂಗಾಳದ ಬರಗಾಲ ಕಣ್ಣಾರೆ ಕಂಡು ಚಿತ್ರಿಸಿದ್ದವರು ಅವರು, ಹಸಿದ ಮೈಗಳನ್ನ ಎಷ್ಟೋ ವರ್ಷ ಬರೆದು ಬರೆದು ಕೊನೇಗೆ ಮೈಯನ್ನೇ ತೆಗೆದುಹಾಕಿ ಗಾಯ ಒಂದನ್ನೇ ಉಳಿಸಿದ್ರು. ಜೇಡಿಮಣ್ಣಿನ ಹಲಗೆ ಮೇಲೆ ಚಾಕು ಹಾಕಿ ಕೊಯ್ಯೋದು, ಅದರಿಂದ ಸಿಮೆಂಟ್ ಅಚ್ಚು ತೆಗೆಯೋದು, ಆ ಅಚ್ಚಿಗೆ ಪೇಪರ್ ಪಲ್ಪ್ ಒತ್ತೋದು. ಒಣಗಿದ್ಮೇಲೆ ಹಾಳೆಗೇ ಗಾಯ ಆದ ಹಾಗೆ ಅಂಚು ಸೀಳಿ ಮೇಲೆದ್ದಿರತ್ತೆ, ಅಲ್ಲೊಂದು ಇಲ್ಲೊಂದು ಕಡೆ ಸ್ವಲ್ಪ ಕೆಂಪು ಇದ್ರೂ ಇರತ್ತೆ, ಅಷ್ಟೇ. ಅದರ ಫೋಟೋ ನೋಡಿ ಯಾರಾದ್ರೂ ಇದೇನು ಅಂದ್ರೆ ನನಗೆ ಆಶ್ಚರ್ಯ ಆಗಲ್ಲ.

ನೀವು ನೋಡಿದ ಹಾಳೇಲಿ ಏನಿತ್ತು ಅಂತ ನೆನಪಿದ್ರೆ ಬರೀರಿ.

ಕಿಟಕಿಪಕ್ಕ

ನೆನಪಿದೆ. ಮೇಲಿಂದ ಕೆಳಗೆ ಸಾಲಾಗಿ ಸಣ್ಣ ಸಣ್ಣ ಉಬ್ಬು, ಮೊದ್ಲು ಹೊಲಿಗೆ ಅಂದ್ಕೊಂಡೆ, ಹೊಲಿದು ದಾರ ಬಿಚ್ಚಿದ್ರೆ ಉಳಿಯೋ ತೂತಿನ ಸಾಲು ಇರತ್ತಲ್ಲ ಆ ಥರ. ಆದ್ರೆ ಒಂದು ಕಡೆ ಸಾಲು ತಪ್ಪಿ ಪಕ್ಕಕ್ಕೆ ಹೋಗಿ ಮತ್ತೆ ವಾಪಸ್ ಬಂದಿತ್ತು. ನೀವು ಗಾಯ ಅಂದ್ಮೇಲೆ ಈಗ ಅದು ಹೊಲಿಗೆ ಹಾಕಿದ ಗಾಯ ಅನ್ನಿಸ್ತಿದೆ, ಅದು ನಿಮ್ಮಿಂದ ಅನ್ನಿಸ್ತಿರೋದೋ ಚಿತ್ರದಲ್ಲೇ ಇತ್ತೋ ಹೇಳೋದು ಕಷ್ಟ. @ಗೆರಿಗಾರ ನೀವು ಹೇಳಿದ ಮಳೆ ಕಥೆ ಇದೇ ಅಲ್ವಾ?

ಶೋ ಇನ್ನೂ ನಡೀತಿದೆ. @ಮಸಿಬೆರಳು, ಮತ್ತೆ ಹೋದಾಗ ಆ ಪ್ರಿಂಟು ಮೆಝೋಟಿಂಟೇ ಹೌದಾ ಅಂತ ಗ್ಯಾಲರಿಯವರನ್ನ ಕೇಳದೆ ನಾನೇ ಕಂಡುಹಿಡಿಯೋಕೆ ಆಗತ್ತಾ? ಲೇಬಲ್ಲಲ್ಲಿ ಬರೀ "ಕಾಗದದ ಮೇಲೆ ಪ್ರಿಂಟ್" ಅಂತಿದೆ.

ಗೆರಿಗಾರ

ಅದ ಕಥಿ ನೋಡ್ರಿ 😀 ಇನ್ನ ಆ ಗಾಯ ಹೋಗಂಗಿಲ್ಲ ನಿಮ್ಮ ಕಣ್ಣಾಗಿಂದ.

ಮಸಿಬೆರಳು

ಆಗತ್ತೆ, ಒಂದು ಸಣ್ಣ ಲೆನ್ಸ್ ತಗೊಂಡು ಹೋಗಿ, ಹತ್ತು ಪಟ್ಟು ದೊಡ್ಡದು ಮಾಡೋದು ಸಾಕು, ಗಾಜಿನ ಮೇಲಿಂದಾನೇ ನೋಡಬಹುದು. ಪೂರ್ತಿ ಕಪ್ಪಿರೋ ಕಡೆ ನೋಡಬೇಡಿ, ಅಲ್ಲಿ ಏನೂ ಸಿಗಲ್ಲ. ಕಪ್ಪು ಬೂದಿಗೆ ತಿರುಗೋ ಜಾಗ, ನಿಮ್ಮ ಇಟ್ಟಿಗೆ ಸಾಲಿನ ಹತ್ರ ನೋಡಿ. ಅಲ್ಲಿ ಸೂಕ್ಷ್ಮವಾದ ಚುಕ್ಕಿಗಳು ಸಾಲಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಯ್ದಿದ್ರೆ ರಾಕರ್ ಹಲ್ಲಿನ ಗುರುತು, ಮೆಝೋಟಿಂಟ್. ಹಂಗಲ್ಲದೆ ಬಿಳೀ ಕಣಗಳ ಸುತ್ತ ಕಪ್ಪು ಬಲೆ ಹೆಣೆದ ಹಂಗೆ ಕಂಡ್ರೆ ಅಕ್ವಾಟಿಂಟ್, ಅದರಲ್ಲಿ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಬಿಸಿ ಮಾಡಿ ಅಂಟಿಸಿ ಆಸಿಡ್ಡಿಗೆ ಹಾಕ್ತೀವಿ, ಕಣದ ಸುತ್ತ ಮಾತ್ರ ಆಸಿಡ್ ತಿನ್ನತ್ತೆ. ಸ್ಪೇನಿನ ಕಲಾವಿದ ಗೋಯಾ 1799ರಲ್ಲಿ ಹೊರತಂದ ಎಂಬತ್ತು ಪ್ರಿಂಟಿನ ಸರಣೀಲಿ ಆ ಬೂದು ಕತ್ತಲೆ ಬಂದಿರೋದು ಅಕ್ವಾಟಿಂಟಿಂದಾನೇ. ಅದರಲ್ಲೂ ಬರ್ನಿಶರ್ ಹಿಡಿದು ಬೆಳಕು ತೆಗೀಬಹುದು, ಹಂಗಾಗಿ ದೂರದಿಂದ ನೋಡಿ ಆಣೆ ಮಾಡೋಕಾಗಲ್ಲ.

ಬೆಳಕಿನ ಅಂಚನ್ನೂ ನೋಡಿ. ಮೆಟ್ಟಿಲಿನ ಅಂಚು ಕತ್ತರಿಸಿದ ಹಾಗೆ ಕಪ್ಪು ಬಿಳಿ ಥಟ್ಟನೆ ಬದಲಾಗಿದ್ರೆ ಆಸಿಡ್ ಕೆಲಸ ಇರಬಹುದು, ಕಪ್ಪಿಂದ ಮೆಲ್ಲಗೆ ಕರಗ್ತಾ ಬಂದಿದ್ರೆ ಉಜ್ಜಿದ್ದು. ನೋಡಿ ಬಂದು ಇಲ್ಲೇ ಹಾಕಿ. ಲೆನ್ಸ್ ಹಿಡಿದು ನಿಂತಾಗ ಹಿಂದೆ ಕ್ಯೂ ಬೆಳೆದ್ರೆ ನಾನು ಜವಾಬ್ದಾರ ಅಲ್ಲ.